ಖಾಲಿ ಹಾಳೆಯನ್ನು ಓದಿದ ಮಕ್ಕಳು

ಅಂತರಸಂತೆಯಿಂದ ಕಾಕನಕೋಟೆಯ ಕಡೆಗೆ ಎರಡು ಮೈಲಿ ನಡೆದರೆ ಕೆಂಚನಮಾಳ ಸಿಗುತ್ತದೆ. ಪತ್ರಿಕೆಗೆ ಬರೆಯಲೆಂದು ಹೊರಟ ನಾನು ಊರು ಮುಟ್ಟುವಾಗ ಇನ್ನೂ ಸೂರ್ಯ ಹುಟ್ಟಿಲ್ಲ. ಮಂಜಿನಲ್ಲಿ ಶಾಲೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. "ಬೆಳಗಾಯಿತು. ಹಸು ಕೂಗಿತು. ಅಜ್ಜ ಕೆರೆಯ ಏರಿಯ ಮೇಲೆ..." ಅಲ್ಲಿಗೆ ಓದು ನಿಲ್ಲುತ್ತದೆ. ಹತ್ತಾರು ಎಳೆಯ ಗಂಟಲುಗಳು ಒಟ್ಟಿಗೆ ಎರಡು ಸಲ ಕೆಮ್ಮುತ್ತವೆ. ತಗ್ಗಿದ ದನಿಯಲ್ಲಿ "ಯಾ ಅಲ್ಲಾ" ಎನ್ನುತ್ತವೆ. ಆಮೇಲೆ "ನಿಧಾನವಾಗಿ ನಡೆದನು" ಎಂದು ಪಾಠ ಮುಂದುವರಿಯುತ್ತದೆ. ನಾನು ಶಿವನಾಮ ಹೇಳಿಕೊಂಡು ಬಾಗಿಲಲ್ಲಿ ನಿಲ್ಲುತ್ತೇನೆ.

ಒಳಗೆ ಲಾಟೀನಿನ ಪಕ್ಕದಲ್ಲಿ ಶಿವರುದ್ರಮ್ಮನವರು ನೋಟುಪುಸ್ತಕ ಹಿಡಿದು ಕುಳಿತಿದ್ದಾರೆ. ವಯಸ್ಸು ಇಪ್ಪತ್ತಾರು. ಪಿರಿಯಾಪಟ್ಟಣದ ಎಣ್ಣೆ ವ್ಯಾಪಾರಿಯ ಮಗಳು, ಮೈಸೂರಿನಲ್ಲಿ ಬಿ.ಎ. ಓದಿದವರು. ಊರಿನವರ ಬಾಯಲ್ಲಿ ಮೇಷ್ಟ್ರಮ್ಮ. ಮಕ್ಕಳು ದನ ಹೊಡೆದುಕೊಂಡು ಹೋಗುವ ಮುಂಚೆ ದಿನವೂ ಒಂದು ಗಂಟೆ ಓದು ಕಲಿಸುತ್ತಾರೆ. ಯಾರು ಕೆಮ್ಮಿದರು ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ.

ಆ ಕೆಮ್ಮು ಮಕ್ಕಳದಲ್ಲ. ಈ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿದ ಅಸದುಲ್ಲಾ ಮೇಷ್ಟ್ರದು. ಐವತ್ತೈದರ ಮಳೆಗಾಲದಲ್ಲಿ, ಸೊಳ್ಳೆಗೆ ಡಿ.ಡಿ.ಟಿ. ಹೊಡೆಯುವವರು ಈ ಊರಿಗೆ ಬರುವ ಮುಂಚೆಯೇ, ಕಾಡುಜ್ವರ ಅವರನ್ನು ಕೊಂಡೊಯ್ದಿತು. ಅವರು ಹೇಳಿಕೊಟ್ಟ ಹಾಗೆ ಮಕ್ಕಳು ಪಾಠವನ್ನು ಬಾಯಿಪಾಠ ಮಾಡಿಕೊಂಡರು, ಜೊತೆಗೆ ಕೊನೆಯ ವರ್ಷದ ಕೆಮ್ಮನ್ನೂ. ದೊಡ್ಡವರಿಂದ ಅದು ಚಿಕ್ಕವರಿಗೆ ಹೋಯಿತು. ಮುಂದಿನ ಸಾಲಿನಲ್ಲಿ ಚೆಲುವಿ ಎಂಬ ಆರು ವರ್ಷದ ಹುಡುಗಿ ಕುಳಿತಿದ್ದಾಳೆ. ಮೇಷ್ಟ್ರ ಮುಂದೆ ಒಂದು ದಿನವೂ ಪಾಠಕ್ಕೆ ಕೂರದವಳು. ಕೆಮ್ಮುವಾಗ ಅವಳ ಅಂಗೈ ಎಡಪಕ್ಕೆಗೆ ಹೋಗುತ್ತದೆ. ಅವರ ಕೈಯೂ ಹಾಗೆಯೇ ಹೋಗುತ್ತಿತ್ತಂತೆ.

"ಬಂದ ಹೊಸದರಲ್ಲಿ ಎಷ್ಟು ಚೆನ್ನಾಗಿ ಓದ್ತಾರೆ ಅಂತ ಹಿಗ್ಗಿದ್ದೆ ಸ್ವಾಮಿ," ಎನ್ನುತ್ತಾರೆ ಶಿವರುದ್ರಮ್ಮ. "ಒಂದಿನ ಪುಸ್ತಕ ತಲೆಕೆಳಗೆ ಹಿಡಿದಿದ್ದ ಒಬ್ಬ. ಆದರೂ ಓದ್ತಿದ್ದ. ಸಂಶಯ ಬಂತು. ಖಾಲಿ ಹಾಳೆ ಕೊಟ್ಟೆ. ಅದನ್ನೂ ಓದಿದರು ಕಣ್ರೀ, ಬೆರಳಿಟ್ಟುಕೊಂಡು. ಆ ಜಾಗ ಬಂದಾಗ ಕೆಮ್ಮಿದರು. ಅವತ್ತು ನಾನು ಊಟ ಮಾಡಲಿಲ್ಲ."

ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೇಳು ಮಂದಿ ಖಾಲಿ ಹಾಳೆ ಓದಿದವರು.

ಓದಲು ಬಾರದ ಮಕ್ಕಳಿಗೆ ಓದು ಕಲಿಸುವುದನ್ನೇ ವಿಶೇಷವಾಗಿ ಕಲಿಸುವ ಒಂದು ವರ್ಷದ ತರಬೇತಿ ಮೈಸೂರಿನಲ್ಲಿ ಶುರುವಾಗುತ್ತಿದೆ. ಪದವೀಧರ ಉಪಾಧ್ಯಾಯರಿಗೆ ಮಾತ್ರ. ಶಿವರುದ್ರಮ್ಮ ಅರ್ಜಿ ಹಾಕಿದ್ದಾರೆ. ಶಿಫಾರಸು ಬರೆಯಬೇಕಾದ ಇನ್ಸ್‌ಪೆಕ್ಟರು ಬಂದು ಮಕ್ಕಳ ಓದು ಕೇಳಿ ತಲೆದೂಗಿದರು, ಸಹಿ ಹಾಕಲು ಪೆನ್ನು ತೆಗೆದರು. ಈಕೆ ಸುಮ್ಮನಿದ್ದರೆ ಆಗುತ್ತಿತ್ತು. ಖಾಲಿ ಹಾಳೆ ತಂದು ಓದಿಸಿದರು. ಇನ್ಸ್‌ಪೆಕ್ಟರು ಪೆನ್ನು ಮುಚ್ಚಿದರು. ಮೂರು ತಿಂಗಳಲ್ಲಿ ಹದಿನಾರು ಮಕ್ಕಳು ಹಿಂದೆ ನೋಡಿರದ ಬರಹವನ್ನು ಓದಿದರೆ ಸಹಿ, ಇಲ್ಲವಾದರೆ ಜಾಗ ಬೇರೆಯವರಿಗೆ ಎಂದರು. ಆ ಗಡುವು ಬರುವ ಸೋಮವಾರ. ಈವರೆಗೆ ಓದಲು ಬಂದವರು ಹದಿನೈದು.

ಕಲಿಸುವ ರೀತಿ ಸರಳ. ದಾರಿಯಲ್ಲಿ ಏನು ಕಂಡೆ ಎಂದು ಮಗುವನ್ನು ಕೇಳುತ್ತಾರೆ. "ಆನೆ ಲದ್ದಿ ಬಿಸಿಯಾಗಿತ್ತು" ಎಂದರೆ ಅದನ್ನೇ ಸ್ಲೇಟಿನಲ್ಲಿ ಬರೆದು ಓದಿಸುತ್ತಾರೆ. ಯಾರೂ ಬಾಯಿಪಾಠ ಮಾಡಿರದ ಮಾತು ಅದು. ಅಕ್ಷರ ಕಣ್ಣಿಗೆ ಹತ್ತಿದ ದಿನ ಆ ಮಗುವಿನ ಕೆಮ್ಮು ತಾನಾಗಿ ನಿಲ್ಲುತ್ತದೆ.

ಊರಿಗೆ ಇದು ಹಿಡಿಸಿಲ್ಲ. ಬಾಗಿಲಲ್ಲಿ ಹಾಲಿನ ಚೊಂಬು ಹಿಡಿದು ನಿಂತ ಸಿದ್ದಮಲ್ಲಪ್ಪ ನನ್ನ ಎದುರಿಗೇ ಹೇಳುತ್ತಾನೆ: "ಅಲ್ಲ ಕಣವ್ವ ಮೇಷ್ಟ್ರಮ್ಮ, ಸತ್ತೋರ್ನ ಒಂದು ಸಲ ಮಣ್ಣು ಮಾಡಿದ್ದಾಯ್ತು. ನೀನ್ಯಾಕೆ ಇನ್ನೊಂದು ಸಲ ಮಾಡ್ತೀಯ? ಓದ್ಕಂಡು ಇವೇನು ಅಮಲ್ದಾರ್ರಾದಾವಾ?"

"ನಿಮ್ಮ ಮೊಮ್ಮಗ ಮೊನ್ನೆ ಓದಿದ, ಸಿದ್ದಮಲ್ಲಪ್ಪನವರೆ. ಅಜ್ಜ ಹಾಲಿಗೆ ನೀರು ಹಾಕಿದ ಅಂತ ಬರೆಸಿದ್ದ."

"ಥೂ, ಬುಡು ಅತ್ಲಾಗೆ!" ಎಂದು ಆತ ನಗುತ್ತಾ ಹೋಗುತ್ತಾನೆ.

ನಗದವರು ಒಬ್ಬರಿದ್ದಾರೆ. ಜಗಲಿಯ ಕಂಬಕ್ಕೆ ಒರಗಿ, ತಲೆಗೆ ಸೆರಗು ಹೊದ್ದು ಕುಳಿತ ಖತೀಜಾಬಿ, ಅಸದುಲ್ಲಾ ಮೇಷ್ಟ್ರ ಹೆಂಡತಿ. ಎರಡು ವರ್ಷದಿಂದ ಬೆಳಗಿನ ನಮಾಜು ಮುಗಿಸಿ ಇಲ್ಲಿಗೆ ಬರುತ್ತಾರೆ, ಆ ಕೆಮ್ಮು ಕೇಳಿ ಮನೆಗೆ ಹೋಗುತ್ತಾರೆ. "ಮೊದ್ಲು ಗೋಡೆ ಅದುರೋ ಅಂಗೆ ಕೇಳ್ತಿತ್ತು ಅಣ್ಣಾ. ಈಗ ದೂರ ಹೋಗ್ತಾ ಅವ್ರೆ," ಎನ್ನುತ್ತಾರೆ. ನಾನೂ ಈ ಆಷಾಢದಲ್ಲಿ ಮನೆಯಾಕೆಯನ್ನು ಕಳೆದುಕೊಂಡವನು.

ಇವತ್ತು ಅವರ ಕೈಯಲ್ಲಿ ಮಡಿಸಿದ ಒಂದು ಕಾಗದವಿದೆ. ಮೇಷ್ಟ್ರು ಜ್ವರದಲ್ಲಿ ಮಲಗಿದ್ದಾಗ ಬರೆದದ್ದು. ಖತೀಜಾಬಿಗೆ ಓದು ಬಾರದು. ಮೇಷ್ಟ್ರು ತೀರಿಕೊಂಡ ಹೊಸದರಲ್ಲೇ ಶಾಲೆಯ ಮಕ್ಕಳಿಗೆ ತೋರಿಸಿದ್ದರು; ಮಕ್ಕಳು ಬೆರಳಿಟ್ಟು ಕೆರೆಯ ಪಾಠವನ್ನೇ ಓದಿದರು. ಪಾಠವನ್ನೇ ಬರೆದಿದ್ದಾರೆಂದು ನಂಬಿ ಟ್ರಂಕಿನಲ್ಲಿ ಇಟ್ಟರು. ಖಾಲಿ ಹಾಳೆಯ ಸುದ್ದಿ ಕಿವಿಗೆ ಬಿದ್ದ ಮೇಲೆ ಅವರಿಗೆ ನಿದ್ದೆಯಿಲ್ಲ.

"ಅಂಗಾದ್ರೆ ಇದ್ರಲ್ಲಿ ಏನದೆ? ನೀನು ಓದ್ಬೇಡ ಬೇಟಿ. ಅವ್ರ ಶಾಲೆ ಮಕ್ಕಳು ಓದ್ಲಿ," ಎಂದು ಶಿವರುದ್ರಮ್ಮನವರಿಗೆ ಹೇಳುತ್ತಾರೆ.

ಯಾರೂ ಕೈ ಚಾಚುವುದಿಲ್ಲ. ಕೊನೆಗೆ ಎದ್ದು ಬರುವವಳು ಚೆಲುವಿ, ಈಗ ತಾನೆ ಕೆಮ್ಮಿದವಳು. ಕಾಗದವನ್ನು ಲಾಟೀನಿನ ಹತ್ತಿರ ಹಿಡಿಯುತ್ತಾಳೆ. ಎಡಗೈ ಪಕ್ಕೆಯ ಕಡೆಗೆ ಏಳುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ. ಆಮೇಲೆ ಆ ಬೆರಳು ಮೊದಲ ಅಕ್ಷರದ ಮೇಲೆ ಕೂರುತ್ತದೆ.

"ಮ...ಕ್ಕಳು ಓದು...ತ್ತಿಲ್ಲ. ನನ್ನ ಬಾಯಿ ನೋಡು...ತ್ತಿದ್ದಾರೆ. ಕೆಮ್ಮ...ನ್ನೂ ಕಲಿತರು. ಎದ್ದ ಮೇಲೆ ಬಿಡಿಸ...ಬೇಕು."

ಖತೀಜಾಬಿ ಕಾಗದವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಶಿವರುದ್ರಮ್ಮನವರ ಕಡೆಗೆ ತಿರುಗಿ ಹೇಳುತ್ತಾರೆ: "ಬುಡಿಸು ಬೇಟಿ. ಅವರಿಗೆ ಏಳೋಕೆ ಆಗ್ಲಿಲ್ಲ."

ಶಿವರುದ್ರಮ್ಮ ನೋಟುಪುಸ್ತಕದಲ್ಲಿ ಚೆಲುವಿಯ ಹೆಸರಿನ ಮುಂದೆ ಒಂದು ಗೆರೆ ಎಳೆಯುತ್ತಾರೆ. ಹದಿನಾರು. ಸಂತೋಷವಾಯಿತೇ ಎಂದು ಕೇಳುತ್ತೇನೆ. ಅವರು ಲಾಟೀನು ಆರಿಸುತ್ತಾರೆ.

"ಮೊನ್ನೆ ಒಬ್ಬಳೇ ಆ ಪಾಠ ಓದ್ತಾ ಇದ್ದೆ ಸ್ವಾಮಿ. ಏರಿಯ ಮೇಲೆ ಅನ್ನೋ ಕಡೆ ನನಗೂ ಕೆಮ್ಮು ಬಂತು. ಅದಕ್ಕೇ ಮೈಸೂರಿಗೆ ಹೋಗಬೇಕು. ಸರಿಯಾಗಿ ಕಲಿತುಕೊಂಡು ಇಲ್ಲಿಗೇ ವಾಪಸು ಬರ್ತೀನಿ. ನಾನು ಸತ್ತ ಮೇಲೆ ನನ್ನ ದನಿ ಯಾವ ಮಗುವಿನ ಬಾಯಲ್ಲೂ ಉಳಿಯಬಾರದು. ಅಷ್ಟೇ ನನ್ನ ಆಸೆ."