ಒತ್ತಿ ಮನೆಯ ಹಗೇವು

ಆಳಂದದ ಮಕ್ಕಳು ಸಾಲೆಯಲ್ಲಿ ಉರ್ದು ಓದಿ, ಮನೆಗೆ ಬಂದು ಕನ್ನಡದಲ್ಲಿ ಜಗಳಾಡುತ್ತಿದ್ದ ನಿಜಾಮರ ಕಾಲ ಅದು. ಪ್ಲೇಗಿಗೆ ಹೆದರಿ ಸರಕಾರದವರು ಊರ ಹೊರಗೆ ಒಂದು ಸಾಲು ಮನೆ ಕಟ್ಟಿಸಿ ಕಂತಿನ ಮೇಲೆ ಕೊಟ್ಟರು. ಮಾಸ್ತರನಾಗಿದ್ದ ಅಪ್ಪನಿಗೂ ಒಂದು ಸಿಕ್ಕಿತು. ಕಂತು ತೀರುವವರೆಗೆ ಮನೆ ಸರಕಾರಕ್ಕೆ ಒತ್ತಿ.

ನನಗೆ ಇದೇ ತಿಳಿಯುತ್ತಿರಲಿಲ್ಲ. ಅವ್ವನ ಬುಗುಡಿ ಒತ್ತಿ ಬಿದ್ದಾಗ ಸಾಹುಕಾರನ ಪೆಟ್ಟಿಗೆ ಸೇರಿದ್ದವು. ಮನೆ ನೋಡಿದರೆ ಇದ್ದಲ್ಲೇ ಇತ್ತು.

"ಅವ್ವಾ, ಸರಕಾರದವ್ರು ಮನಿ ಯಾವಾಗ ಒಯ್ತಾರ?"

"ಸುಮ್ನ ಕೂಡ್‌ಬೇ. ಒಯ್ಯೂದಿಲ್ಲ, ಕಾಗದದಾಗ ಇಟ್ಕೊಂಡಾರ."

ಇಷ್ಟು ದೊಡ್ಡ ಮನೆ ಕಾಗದದಲ್ಲಿ ಹೇಗೆ ಹಿಡಿಸಿತೆಂದು ಎರಡು ದಿನ ತಲೆ ಕೆಡಿಸಿಕೊಂಡೆ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ನೆಲದೊಳಗೆ ಕಾಳು ಇಡುವ ಹಗೇವು ಇಲ್ಲದ್ದು ಮನೆಯೇ ಅಲ್ಲ ಎಂಬುದು ಅವಳ ವಾದ. ಸುಗ್ಗಿಯಾಗುತ್ತಲೇ ಅಪ್ಪನನ್ನು ಕಾಡಿ ನಡುಮನೆಯಲ್ಲಿ ಆಳುದ್ದ ಗುಂಡಿ ತೋಡಿಸಿದಳು. ತಾನೇ ಇಳಿದು ಗೋಡೆಗುಂಟ ಜೋಳದ ಒಣ ದಂಟಿನ ಕಣಿಕೆಯನ್ನು ಸುತ್ತು ಸುತ್ತಾಗಿ ನಿಲ್ಲಿಸಿ, ವರ್ಷದ ಜೋಳ ತುಂಬಿಸಿ, ಬಾಯಿಗೆ ಚಪ್ಪಟೆ ಪರಸಿ ಕಲ್ಲು ಮುಚ್ಚಿದಳು.

ಮುಂದಿನ ತಿಂಗಳು ಮನೆ ತಪಾಸಣೆಗೆ ಸರಕಾರಿ ಕಚೇರಿಯ ಮುನ್ಶಿ ಬಂದರು. ಅಪ್ಪ ಸಾಲೆಯಲ್ಲಿದ್ದ. ಸಾಲ ಕೊಟ್ಟವರು ಬಂದರೆ ತುಂಬಿದ ಕಾಳು ತೋರಿಸಬೇಕು, ಅವರಿಗೆ ಧೈರ್ಯ ಬರುತ್ತದೆ ಎಂದು ಆಯಿ ತಿಳಿದಿದ್ದಳು. ಮಜ್ಜಿಗೆ ಕೊಟ್ಟು, ನನ್ನನ್ನೂ ಕೈ ಹಚ್ಚಿಸಿ, ಕಲ್ಲು ಸರಿಸಿಯೇಬಿಟ್ಟಳು. ಬೆಚ್ಚನೆಯ ಹುಳಿ ವಾಸನೆ ಮೂಗಿಗೆ ಬಡಿಯಿತು.

"ನೋಡ್ರಿ ಸಾಹೇಬ್ರ, ನಿಮ್ಮ ಕಂತಿನ ಫಿಕರ್ ಮಾಡಬ್ಯಾಡ್ರಿ."

ಮುನ್ಶಿಯ ಲೋಟ ಅಲ್ಲೇ ನಿಂತಿತು. "ಆಯಿ, ಒತ್ತಿ ಮನ್ಯಾಗ ನೆಲ ತೋಡಾಂಗಿಲ್ರಿ. ಎಂಟು ದಿನದಾಗ ಮುಚ್ಚರಿ. ಇಲ್ಲಂದ್ರ ಮನಿ ಹೋಗ್ತದ."

"ಮನಿ ಒತ್ತಿ ಹಾಕೇವ್ರಿ, ಹೊಟ್ಟಿ ಹಾಕಿಲ್ಲ."

ಅವರು ಪಾಪ, ತಲೆ ತಗ್ಗಿಸಿ ಬರೆದುಕೊಂಡು ಹೋದರು.

ಜೋಳ ತೆಗೆದ ಮೇಲೆ ನಾನು ಖಾಲಿ ಗುಂಡಿಗಿಳಿದು ಕೂ ಎಂದೆ. ಗುಂಡಿಯೂ ಕೂ ಎಂದಿತು. ನಗುತ್ತಾ ಮೇಲೆ ನೋಡಿದರೆ ಆಯಿ ಅಳುತ್ತಿದ್ದಳು. ನನಗೂ ಅಳು ಬಂತು. ಅಪ್ಪ ಮಣ್ಣು ತುಂಬಿದ, ಮನೆ ಉಳಿಯಿತು.

ಕಂತು ತೀರಿ ಕಾಗದ ಕೈಗೆ ಬಂದಾಗ ಆಯಿ ತೀರಿಹೋಗಿದ್ದಳು. ಮದುವೆಯಾಗಿದ್ದ ನಾನು ತವರಿಗೆ ಬಂದಿದ್ದೆ. ಅಪ್ಪ ಮತ್ತೆ ನಡುಮನೆ ಅಗೆಸಿದ. ಇನ್ನು ಕೇಳುವವರಿರಲಿಲ್ಲ. ಕಣಿಕೆಯ ಹೊರೆ ಹಿಡಿದು ಗುಂಡಿಗಿಳಿದವನು ಸ್ವಲ್ಪ ಹೊತ್ತಿಗೆ ಮೇಲೆ ನೋಡಿದ.

"ಕಣಿಕಿ ಮೊದಲ ಸುತ್ತು ಆಯಿ ಹ್ಯಾಂಗ ನಿಲ್ಲಸ್ತಿದ್ದಳು? ನಿನಗರ ನೆನಪದ ಏನ್‌ಬೇ?"

ಕಂಡದ್ದನ್ನೆಲ್ಲ ಕೇಳಿ ಎಲ್ಲರ ಜೀವ ತಿಂದಿದ್ದ ನಾನು ಅದೊಂದನ್ನು ಆಯಿಗೆ ಕೇಳಿರಲಿಲ್ಲ.