ಅಗಸೆ ಹಪ್ಪಳಕ್ಕೆ ಸವರಿದ ತುಪ್ಪ

ಅಡುಗೆಮನೆಯ ಮೂಲೆಯಲ್ಲಿ ಒಣಗಿಸುವ ಕರೆಂಟಿನ ಪೆಟ್ಟಿಗೆ ಬೆಳಗಿನಿಂದ ಗುಂಯ್ ಎನ್ನುತ್ತಿದೆ. ಒಳಗೆ ಅಗಸೆ ಒಣಗುತ್ತಿದೆ. ನೀರಿನಲ್ಲಿ ನೆನೆದ ಅಗಸೆ ಬೆಚ್ಚನೆಯ ಗಾಳಿಗೆ ಸಿಕ್ಕಾಗ ಬರುವ ವಾಸನೆಯನ್ನು ನಿಮಗೆ ಹೇಗೆ ಹೇಳಲಿ? ಗಾಣದ ಹತ್ತಿರ ನಿಂತಂತೆಯೂ ಇರುತ್ತದೆ, ಹೊಸ ಗೋಣಿಚೀಲದ ಬಾಯಿ ಬಿಚ್ಚಿದಂತೆಯೂ ಇರುತ್ತದೆ. ಗದಗಿನ ಶೇಂಗಾ ಎಣ್ಣೆಯ ಮಿಲ್ಲಿನಲ್ಲಿ ತಲೆಕೂದಲು ಬೆಳ್ಳಗಾಗುವವರೆಗೆ ದುಡಿದವನು ನಾನು. ಎಣ್ಣೆಕಾಳಿನ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ಕೈ ತಾನಾಗಿ ಹೆಗಲ ಮೇಲಿನ ಟವೆಲ್ ಹುಡುಕುತ್ತದೆ. ಆದರೆ ಈ ಪೆಟ್ಟಿಗೆಯ ಅಗಸೆಯ ವಾಸನೆ ಬಂದಾಗ ನನಗೆ ಮಿಲ್ಲು ನೆನಪಾಗುವುದಿಲ್ಲ. ಒಂದು ಶಾಲೆಯ ಅಂಗಳ ನೆನಪಾಗುತ್ತದೆ. ನಾನು ಮಾಡಿದ ಒಂದು ತಪ್ಪು ನೆನಪಾಗುತ್ತದೆ. ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಒಂದಿಷ್ಟು ಹೊತ್ತು ಕೂತಿರಿ, ಹಪ್ಪಳ ಒಣಗಲು ಇನ್ನೂ ಸಮಯವಿದೆ.

ನನ್ನ ಮಗಳು ಗೀತಾ ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಅಳಿಯನದೂ ಅಂಥದೇ ಕೆಲಸ. ನನ್ನವಳು ತೀರಿಕೊಂಡ ಮೇಲೆ ಪ್ರತಿ ಬೇಸಿಗೆ ಮೂರು ತಿಂಗಳ ವೀಸಾದ ಮೇಲೆ ಇಲ್ಲಿಗೆ ಬರುತ್ತೇನೆ, ವೀಸಾ ಮುಗಿಯುತ್ತಲೇ ಒಳ್ಳೆಯ ಹುಡುಗನ ಹಾಗೆ ವಾಪಸು ಹೋಗುತ್ತೇನೆ. ಇವರಿಗೆ ಒಬ್ಬಳೇ ಮಗಳು, ಇಳಾ. ನಾನು ಹೇಳಹೊರಟಿರುವ ಬೇಸಿಗೆಯಲ್ಲಿ ಅವಳಿನ್ನೂ ಹೈಸ್ಕೂಲಿನಲ್ಲಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಜರ್ಮನ್ನಿನಲ್ಲಿ ಉತ್ತರ ಕೊಡುತ್ತಿದ್ದಳು. ಅರ್ಥವಾಗದಿದ್ದರೂ ನಾನು ತಲೆಯಾಡಿಸುತ್ತಿದ್ದೆ. ಹೀಗೆ ಅಜ್ಜ ಮೊಮ್ಮಗಳ ಸಂಭಾಷಣೆ ಬಹಳ ಸುಸೂತ್ರವಾಗಿ ನಡೆಯುತ್ತಿತ್ತು.

ಆ ವರ್ಷ ನಾನು ಬಂದಿಳಿದಾಗ ಮನೆಯಲ್ಲಿ ಎರಡು ಬದಲಾವಣೆಗಳಾಗಿದ್ದವು. ಒಂದು ಈ ಪೆಟ್ಟಿಗೆ. ಎರಡನೆಯದು ಇಳಾಳ ಊಟ. ಅವಳು ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದಳು. ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ. ಅದರ ಮೇಲೆ, ಬೇಯಿಸಿದ್ದೂ ಆದಷ್ಟು ಬೇಡ. ಹಸಿಯದು ತಿನ್ನಬೇಕು, ಇಲ್ಲವೆ ಈ ಪೆಟ್ಟಿಗೆಯಲ್ಲಿ ಒಣಗಿಸಿದ್ದು ತಿನ್ನಬೇಕು. ಪೆಟ್ಟಿಗೆಯ ಬಿಸಿ ನಲವತ್ತೆರಡು ಡಿಗ್ರಿ ದಾಟಬಾರದಂತೆ. ದಾಟಿದರೆ ಅದು ಹಸಿಯದಲ್ಲವಂತೆ.

"ನಲವತ್ತೆರಡು ಅಂದ್ರ ನಮ್ಮೂರಾಗ ಮೇ ತಿಂಗಳು," ಎಂದೆ ನಾನು. "ಇಷ್ಟಕ್ಕ ಒಂದು ಮಷೀನ್ ಬೇಕೇನವಾ? ಮಾಳಿಗಿ ಮ್ಯಾಲೆ ಒಂದು ಹಳೇ ಧೋತ್ರ ಹಾಸಿದ್ರ ಮುಗೀತು."

ಅಳಿಯ ಕಿಟಕಿಯ ಹೊರಗೆ ಮೋಡ ನೋಡುತ್ತ, "ಮಾವಾರ, ಇಲ್ಲಿ ಸೂರ್ಯನೂ ಟರ್ಮಿನ್ ಕೊಟ್ಟ ಮ್ಯಾಲೇ ಬರ್ತಾನ್ರಿ," ಎಂದ. ಈ ದೇಶದಲ್ಲಿ ಕ್ಷೌರಕ್ಕೂ ಮುಂಚೆಯೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಟರ್ಮಿನ್ ಅನ್ನುತ್ತಾರೆ.

ಹಗಲೆಲ್ಲ ಮನೆಯಲ್ಲಿ ಒಬ್ಬನೇ ಇರುವ ಮುದುಕನಿಗೆ ಕೆಲಸ ಬೇಕಲ್ಲ. ನಾನು ಪೆಟ್ಟಿಗೆಯ ಹಿಂದೆ ಬಿದ್ದೆ. ಇಳಾ ಮೊದಲ ಸಲ ಮಾಡಿ ತೋರಿಸಿದಳು. ಅಗಸೆಯನ್ನು ನೀರಲ್ಲಿ ನೆನೆಸಿದರೆ ಅದು ಲೋಳೆಲೋಳೆಯಾಗುತ್ತದೆ. ಅದಕ್ಕೆ ರುಬ್ಬಿದ ಟೊಮೆಟೊ, ಉಪ್ಪು ಸೇರಿಸಿ, ತಟ್ಟೆಯ ಮೇಲಿನ ಹಾಳೆಗೆ ತೆಳ್ಳಗೆ ಬಳಿದು ಒಳಗಿಡಬೇಕು. ಅರ್ಧ ಒಣಗಿದಾಗ ಬೋರಲು ಹಾಕಬೇಕು. ನಾನು ನೋಡಿ ನಕ್ಕೆ. ನಮ್ಮ ಕಡೆ ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಯಾವ ಕಾಳನ್ನು ನಾವು ಹುರಿದು ಕುಟ್ಟಿ ತಿನ್ನುತ್ತ ಬಂದೆವೋ ಅದು ಇಲ್ಲಿ ಹಸಿಯಾಗಿ, ಹಪ್ಪಳವಾಗಿ, ಮೊಮ್ಮಗಳ ಕೈಯಲ್ಲಿ ಕೂತಿತ್ತು. ಮರುದಿನವೇ ನಾನು ಅದಕ್ಕೆ ಜೀರಿಗೆ, ಓಮು, ಹಸಿ ಮೆಣಸಿನಕಾಯಿ ಹಾಕಿದೆ. ಸೊರೆಕಾಯಿ ಆಕಾರದ ಇಲ್ಲಿಯ ಕುಂಬಳವನ್ನು ಹೆರೆದು ಸೇರಿಸಿದೆ. ಇಳಾ ಒಂದು ಚೂರು ಕಚ್ಚಿ, ಕಣ್ಣು ಮುಚ್ಚಿ, "ಅಜ್ಜ, ಲೆಕ್ಕರ್," ಎಂದಳು. ರುಚಿಯಾಗಿದೆ ಎಂದು ಅರ್ಥ. ನನಗೆ ತಿಳಿದ ಜರ್ಮನ್ ಶಬ್ದಗಳಲ್ಲಿ ಅದೇ ಅತ್ಯಂತ ಪ್ರಿಯವಾದದ್ದು.

ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಇನ್ನು ಮುಂದೆ ಇದೆ.

ಬೋರಲು ಹಾಕುವಾಗ ಹಪ್ಪಳ ಹಾಳೆಗೆ ಅಂಟಿಕೊಳ್ಳುತ್ತಿತ್ತು. ಎಬ್ಬಿಸಲು ಹೋದರೆ ನಡುವೆ ಹರಿಯುತ್ತಿತ್ತು. ಮಿಲ್ಲಿನವನ ಬುದ್ಧಿ ಎಲ್ಲಿ ಹೋಗುತ್ತದೆ? ಜಿಡ್ಡಿನ ಕಡೆಗೇ. ಎದುರಿಗೆ ಗೀತಾ ಕಾಯಿಸಿಟ್ಟ ತುಪ್ಪದ ಬಾಟಲಿ ಇತ್ತು. ಪಕ್ಕದಲ್ಲಿ ಸೂರ್ಯಕಾಂತಿ ಎಣ್ಣೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಕೈ ತುಪ್ಪಕ್ಕೆ ಹೋಯಿತು. ಬೆರಳ ತುದಿಯಷ್ಟು ತೆಗೆದುಕೊಂಡು ಹಾಳೆಗೆ ಸವರಿದೆ. ಹಪ್ಪಳ ಹೂವಿನ ಹಾಗೆ ಎದ್ದುಬಂತು. ಅಂಟದಿರಲಿ ಎಂದು ಹಾಕಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಮುಂದಿನ ಸಲ ಹಿಟ್ಟಿಗೇ ಒಂದು ಚಮಚ ಹಾಕಿದೆ. ಅಂಟದಿರಲು ಹಾಳೆಗೆ ಸವರಿದ್ದೇ ಸಾಕಿತ್ತಲ್ಲ, ಹಿಟ್ಟಿಗೇಕೆ ಹಾಕಿದೆ? ಹುಡುಗಿ ಸೊರಗಿದ್ದಳು. ಕುತ್ತಿಗೆಯ ಎಲುಬು ಕಾಣುತ್ತಿತ್ತು. ಬೆಳೆಯುವ ಮಗುವಿನ ಹೊಟ್ಟೆಗೆ ಒಂದು ಚಮಚ ತುಪ್ಪ ಹೋದರೆ ಯಾರಿಗೇನು ನಷ್ಟ ಅನ್ನಿಸಿತು.

ನೀವು ನಮ್ಮ ಕಡೆಯ ಪಂಕ್ತಿಯಲ್ಲಿ ಕೂತು ಉಂಡಿದ್ದರೆ ನನ್ನನ್ನು ಸ್ವಲ್ಪ ಅರ್ಥಮಾಡಿಕೊಳ್ಳುತ್ತೀರಿ. ನಮ್ಮಲ್ಲಿ ಬೇಡ ಎಂದವರಿಗೆ ಬಡಿಸುವುದೇ ಬಡಿಸುವುದು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಬಿಡುತ್ತಾರೆ. ಎದ್ದು ಓಡಿದರೆ ಬೆನ್ನು ಹತ್ತಿ ಹೋಳಿಗೆ ಹಾಕಿ ಬರುತ್ತಾರೆ. ಸಾಕು ಎಂದದ್ದನ್ನು ನಿಜವೆಂದು ನಂಬಿ ಸುಮ್ಮನಾದ ಬೀಗರ ಬಗ್ಗೆ ವರ್ಷಗಟ್ಟಲೆ ಮಾತು ಉಳಿಯುತ್ತದೆ. ಹಾಗಾಗಿ ಮೊಮ್ಮಗಳು ಬೇಡ ಎಂದದ್ದು ನನ್ನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಹಪ್ಪಳದ ರುಚಿ ಏರಿತು. ಇಳಾ ಡಬ್ಬಿ ಡಬ್ಬಿ ಖಾಲಿ ಮಾಡಿದಳು. ಗಲ್ಲ ತುಂಬುತ್ತಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಒಂದು ದಿನ ಗೀತಾ, "ಅಪ್ಪಾ, ತುಪ್ಪ ಇಷ್ಟ ಲಗೂ ಹ್ಯಾಂಗ ಮುಗೀತು?" ಎಂದು ಕೇಳಿದಾಗ, "ನಾ ಅನ್ನಕ್ಕ ಜಾಸ್ತಿ ಹಾಕ್ಕೋತೀನವಾ," ಎಂದೆ. ಅವಳು ನನ್ನ ಕೊಲೆಸ್ಟರಾಲಿನ ಬಗ್ಗೆ ಊಟ ಮುಗಿಯುವವರೆಗೆ ಮಾತಾಡಿದಳು. ಅದನ್ನು ನ್ಯಾಯವಾದ ಶಿಕ್ಷೆ ಎಂದು ಕೇಳಿಸಿಕೊಂಡೆ.

ರಜೆಗೆ ಮುಂಚೆ ಅವಳ ಶಾಲೆಯಲ್ಲಿ ಬೇಸಿಗೆಯ ಉತ್ಸವ ಬಂತು. ಪ್ರಾಣಿಗಳಿಗಾಗಿ ಏನೋ ಒಂದು ಗುಂಪು ಕಟ್ಟಿಕೊಂಡಿದ್ದ ಇಳಾ ಮತ್ತು ಗೆಳತಿಯರು ಒಂದು ಮೇಜು ಹಾಕಿ ತಿಂಡಿ ಹಂಚುವವರಿದ್ದರು. ನನ್ನ ಹಪ್ಪಳದ ಎರಡು ದೊಡ್ಡ ಡಬ್ಬಿ ಬೇಕೆಂದಳು. ನನ್ನನ್ನೂ ಬಾ ಎಂದಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟೆ.

ಅಂಗಳದ ಲಿಂಡನ್ ಮರದ ಕೆಳಗೆ ಮೇಜು. ಅದರ ಮೇಲೆ ಇಳಾ ಕೈಯಾರೆ ಹಸಿರು ಬಣ್ಣದಲ್ಲಿ ಬರೆದ ಹಲಗೆ: ಹಸಿಯದು, ವೇಗನ್. ವೇಗನ್ ಎಂದರೆ ಪ್ರಾಣಿಯಿಂದ ಬಂದದ್ದು ಏನೂ ಇಲ್ಲ ಎಂದು ಅರ್ಥ. ನಾನು ಹಿಂದೆ ಒಂದು ಬೆಂಚಿನ ಮೇಲೆ ಕೂತೆ. ಒಬ್ಬ ಗೆಳತಿ ಆಗಲೇ ಒಂದು ಚೂರು ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಎಂದು ಹೆಬ್ಬೆರಳು ತೋರಿಸಿದಳು. ಆಮೇಲೆ ಕನ್ನಡಕದ ಒಬ್ಬ ಹೆಂಗಸು ಬಂದರು. ಬಹುಶಃ ಟೀಚರ್ ಇರಬೇಕು. ಅವರು ಹಪ್ಪಳವನ್ನು ಕೈಯಲ್ಲಿ ಹಿಡಿದು ಏನೋ ಕೇಳಿದರು. ಇಳಾ ನನ್ನ ಕಡೆ ಕೈ ತೋರಿಸಿ, "ಮೈನ್ ಒಪಾ," ಎಂದಳು. ನನ್ನ ಅಜ್ಜ. ಆಮೇಲೆ ಎದೆ ಸೆಟೆಸಿ, "ಹುಂಡರ್ಟ್ ಪ್ರೊಟ್ಸೆಂಟ್," ಎಂದಳು. ನೂರಕ್ಕೆ ನೂರು. ಅದು ಅರ್ಥವಾಗಲು ಜರ್ಮನ್ ಬೇಕಿರಲಿಲ್ಲ, ಅವಳ ಮುಖ ಸಾಕಿತ್ತು.

ಆಗ ನನಗೆ ಒಬ್ಬ ಅಡುಗೆಯವನು ನೆನಪಾದ. ನನ್ನವಳು, ಪಾರ್ವತಿ, ಶ್ರಾವಣ ಬಂದರೆ ಉಳ್ಳಾಗಡ್ಡಿ ಬಳ್ಳೊಳ್ಳಿ, ಅಂದರೆ ಈರುಳ್ಳಿ ಬೆಳ್ಳುಳ್ಳಿ, ಮುಟ್ಟುತ್ತಿರಲಿಲ್ಲ. ಒಂದು ಶ್ರಾವಣದಲ್ಲಿ ನೆಂಟರ ಮನೆಯ ಬಸುರಿಯ ಕುಬಸಕ್ಕೆ ಹೋಗಿದ್ದೆವು. ಮೊದಲೇ ಹೇಳಿದ್ದರೂ ಬದನೆಕಾಯಿ ಪಲ್ಯದಲ್ಲಿ ಬಳ್ಳೊಳ್ಳಿ ಇತ್ತು. ಒಂದು ತುತ್ತಿಗೇ ಅವಳಿಗೆ ತಿಳಿಯಿತು. ಮಾತಾಡದೆ ಪಂಕ್ತಿಯಿಂದ ಎದ್ದು ಹೋಗಿ ಬಾಯಿ ತೊಳೆದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಅಡುಗೆಮನೆಗೆ ನುಗ್ಗಿದೆ. ಅಡುಗೆಯವನು ಸೌಟು ತಿರುಗಿಸುತ್ತ, "ಎರಡ ಎಸಳು ಹಾಕೀನ್ರೀ, ರುಚಿ ಬರ್ಲಿ ಅಂತ. ಅಷ್ಟಕ್ಕ ಏನಾಗ್ತೈತ್ರಿ?" ಎಂದ. ನಾನು, "ರುಚಿ ನಿಂದು, ವ್ರತ ಆಕಿದು," ಎಂದು ಗುಡುಗಿದೆ. ಸುತ್ತಲಿದ್ದವರು ನನ್ನ ಮಾತನ್ನು ಬಹಳ ಮೆಚ್ಚಿದರು. ನಾನೂ ಮೆಚ್ಚಿಕೊಂಡಿದ್ದೆ. ಎಷ್ಟೋ ಜನರ ಮುಂದೆ ಅದನ್ನು ಹೇಳಿಕೊಂಡು ತಿರುಗಿದ್ದೇನೆ.

ದೇವರಿಗೆ ಹಿಡಿದ ವ್ರತಕ್ಕೆ ಕೈಮುಗಿದವನು ನಾನು. ಹುಡುಗಿಯೊಬ್ಬಳು ಯಾವುದೋ ಆಕಳಿಗಾಗಿ, ಕರುವಿಗಾಗಿ ಹಿಡಿದದ್ದು ನನ್ನ ಕಣ್ಣಿಗೆ ವ್ರತವಾಗಿ ಕಂಡಿರಲಿಲ್ಲ, ಹುಡುಗಾಟವಾಗಿ ಕಂಡಿತ್ತು. ಬೆಂಚಿನ ಮೇಲೆ ಕೂತಿದ್ದವನು ನಾನಲ್ಲ, ಆ ಸೌಟಿನವನು.

ಎದ್ದು ಹೋಗಿ ಡಬ್ಬಿಯ ಮುಚ್ಚಳ ಹಾಕಿದೆ. ಕನ್ನಡಕದ ಹೆಂಗಸು ಹಪ್ಪಳವನ್ನು ಇನ್ನೂ ಬಾಯಿಗಿಟ್ಟಿರಲಿಲ್ಲ. ನನ್ನನ್ನು ವಿಚಿತ್ರವಾಗಿ ನೋಡಿದರು.

"ಇಳಾ, ಇದನ್ನ ಕೊಡಬ್ಯಾಡ."

"ವಾಸ್? ಏನು, ಯಾಕ ಅಜ್ಜ?"

"ಇದರಾಗ ತುಪ್ಪ ಐತಿ. ನಾನೇ ಹಾಕೀನಿ. ಇದರಾಗ ಅಷ್ಟ ಅಲ್ಲ, ಭಾಳ ದಿನದಿಂದ ಹಾಕೀನಿ. ನೀ ತಿಂದದ್ರಾಗೂ."

ಬೈಯುತ್ತಾಳೆ ಅಂದುಕೊಂಡೆ. ಅಳುತ್ತಾಳೆ ಅಂದುಕೊಂಡೆ. ಅವಳು ಎರಡೂ ಮಾಡಲಿಲ್ಲ. ಮುಖ ಸುಣ್ಣವಾಗಿತ್ತು. ಆಮೇಲೆ ಆ ಹೆಂಗಸಿನ ಕೈಯಿಂದ ಹಪ್ಪಳವನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, "ಮೈನ್ ಫೇಲರ್," ಎಂದಳು. ಫೇಲರ್ ಎಂದರೆ ತಪ್ಪು. ರೈಲು ನಿಲ್ದಾಣದ ಟಿಕೆಟ್ ಮಷೀನು ನನಗೆ ದಿನವೂ ಕಲಿಸಿದ ಶಬ್ದ ಅದು. ಮೈನ್ ಎಂದರೆ ನನ್ನದು. ಮೊದಲೇ ತಿಂದಿದ್ದ ಗೆಳತಿಯ ಹತ್ತಿರ ಹೋಗಿ ಅದನ್ನೇ ಹೇಳಿದಳು. ಆ ಹುಡುಗಿ ಮುಖ ಕಿವುಚಿ ಏನೋ ಅಂದಳು. ಇಳಾ ಕೇಳಿಸಿಕೊಂಡಳು. ನನ್ನ ಕಡೆ ಬೆರಳು ತೋರಿಸಲಿಲ್ಲ. ಆಮೇಲೆ ಬರಿದಾದ ಮೇಜಿನ ಹಿಂದೆ, ತಾನೇ ಬರೆದ ಹಲಗೆಯ ಪಕ್ಕದಲ್ಲಿ, ಉತ್ಸವ ಮುಗಿಯುವವರೆಗೂ ನಿಂತಿದ್ದಳು.

ಬಸ್ಸಿನಲ್ಲಿ ಬರುವಾಗ ಡಬ್ಬಿಗಳು ನನ್ನ ತೊಡೆಯ ಮೇಲಿದ್ದವು. ಅಷ್ಟು ಭಾರದ ಹಪ್ಪಳವನ್ನು ನಾನು ಬೇರೆಲ್ಲೂ ಹೊತ್ತಿಲ್ಲ. ಮನೆಯಲ್ಲಿ ವಿಷಯ ತಿಳಿದು ಗೀತಾ, "ಅಪ್ಪಾ, ಆಕಿ ಕೇಳಿದ್ದು ಒಂದ, ನಂಬಿಕಿ. ಅದನ್ನೂ ತುಪ್ಪದಾಗ ಕರದ್ಯಲ್ಲೋ," ಎಂದಳು. ಆ ಹಪ್ಪಳವನ್ನು ಅಳಿಯ ಆಫೀಸಿಗೆ ಒಯ್ದು ತಿಂದು ಮುಗಿಸಿದ. ಚೆನ್ನಾಗಿತ್ತು ಎಂದು ಹೇಳುವ ಧೈರ್ಯ ಅವನಿಗೂ ಆಗಲಿಲ್ಲ.

ಆಮೇಲೆ ಪೆಟ್ಟಿಗೆ ಸುಮ್ಮನೆ ಕೂತಿತು. ಇಳಾ ನನಗೆ ಬೆಳಿಗ್ಗೆ ನಮಸ್ಕಾರ ಹೇಳುತ್ತಿದ್ದಳು, ಚಹಾದ ಕಪ್ಪು ತೊಳೆದಿಡುತ್ತಿದ್ದಳು. ಆದರೆ ನಾನು ಮುಟ್ಟಿದ ಯಾವುದನ್ನೂ ತಿನ್ನುತ್ತಿರಲಿಲ್ಲ. ನಾನು ತೊಳೆದು ಕೊಟ್ಟ ಸೇಬನ್ನು ಕೂಡ ಇನ್ನೊಮ್ಮೆ ತೊಳೆದುಕೊಂಡಳು. ಆ ನಲ್ಲಿಯ ಸದ್ದು ಈಗಲೂ ಕಿವಿಯಲ್ಲಿದೆ.

ನಾನು ಊರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಒಂದು ಸಂಜೆ ಅವಳು ಅಗಸೆಯ ಪೊಟ್ಟಣ ತಂದು ಕಟ್ಟೆಯ ಮೇಲಿಟ್ಟಳು. ಎತ್ತರದ ಸ್ಟೂಲು ಎಳೆದು ಎದುರಿಗೆ ಕೂತಳು. ತಡವರಿಸುತ್ತ ಕನ್ನಡದಲ್ಲೇ ಶುರುಮಾಡಿದಳು.

"ಮಾಡ್ರಿ ಅಜ್ಜ. ನಾ ನೋಡ್ತೀನಿ. ಎಲ್ಲಾ ಜೋರಾಗಿ ಹೇಳಬೇಕು. ಏನ್ ಹಾಕ್ತೀರಿ, ಎಲ್ಲಾ."

ನಾನು ಹೇಳುತ್ತ ಹೋದೆ. ಅಗಸಿ. ನೀರು. ಉಪ್ಪು. ಅವಳು ನಡುವೆ ನಿಲ್ಲಿಸಿ, "ಇದು?" ಎನ್ನುತ್ತಿದ್ದಳು. "ಓಮು ಅವಾ." "ಓಮು," ಎಂದು ತಾನೂ ಅನ್ನುತ್ತಿದ್ದಳು, ಮೂಸಿ ನೋಡುತ್ತಿದ್ದಳು. "ಇದು?" "ಎಳ್ಳು." ಹಾಳೆಗೆ ಸವರಲು ಎಣ್ಣೆ ಎತ್ತಿಕೊಂಡಾಗ ಬಾಟಲಿ ಇಸಿದುಕೊಂಡು ಹಿಂದುಮುಂದು ಓದಿ ವಾಪಸು ಕೊಟ್ಟಳು. ನನಗೆ ಬೇಸರವಾಗಲಿಲ್ಲ. ಕಳ್ಳನ ಜೇಬು ತಡಕುವುದರಲ್ಲಿ ತಪ್ಪೇನಿದೆ? ಆ ಬೇಸಿಗೆಯ ಕೊನೆಗೆ, ಮುಂದಿನ ಬೇಸಿಗೆಯಲ್ಲೂ, ಅವಳು ಹಾಗೆ ಕೂತಳು, ನಾನು ಹಾಗೆ ಹೇಳಿದೆ. ಕಾವಲು ಕಾಯಲು ಕೂತವಳ ಬಾಯಿಗೆ ಕನ್ನಡ ಹತ್ತಿತು. ಜರ್ಮನ್ನಿನ ಉತ್ತರ ಕಡಿಮೆಯಾಯಿತು. ಪಾರ್ವತಿಯ ಶ್ರಾವಣದ ಕತೆಯನ್ನು ನಾನು ಅವಳಿಗೆ ಹೇಳಿದ್ದು ಆ ಸ್ಟೂಲಿನ ಎದುರಿಗೇ. ಈ ಸಲ ಅಡುಗೆಯವನಿಗೆ ನಾನು ಗುಡುಗಿದ್ದನ್ನು ಬಿಟ್ಟು ಹೇಳಿದೆ. "ಅಜ್ಜಿನೂ ಸ್ಟ್ರಿಕ್ಟ್," ಎಂದು ಅವಳು ಬಹಳ ಹೊತ್ತು ಖುಷಿಪಟ್ಟಳು.

ಈಗ ಅವಳು ಬರ್ಲಿನ್ನಿನಲ್ಲಿ ಓದುತ್ತಾಳೆ. ನಿನ್ನೆ ರಾತ್ರಿಯ ರೈಲಿಗೆ ಬಂದಿದ್ದಾಳೆ. ಅವಳು ಏಳುವ ಮೊದಲೇ ನಾನು ಹಿಟ್ಟು ಕಲಸಿ, ತಟ್ಟೆ ತುಂಬಿ, ಪೆಟ್ಟಿಗೆ ಹಚ್ಚಿದ್ದೆ. ನಿಮಗೆ ಇಷ್ಟೆಲ್ಲ ಹೇಳುತ್ತಿರುವಾಗಲೇ ಅವಳು ಕೆದರಿದ ತಲೆಯಲ್ಲಿ ಎದ್ದು ಬಂದಳು. ನನ್ನ ಪಕ್ಕದಲ್ಲೇ ಹಾದುಹೋಗಿ, ಪೆಟ್ಟಿಗೆಯ ಬಾಗಿಲು ತೆಗೆದು, ಇನ್ನೂ ಅರ್ಧ ಹಸಿ ಇದ್ದ ಹಪ್ಪಳದ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು. ಏನೂ ಕೇಳಲಿಲ್ಲ. ಹಿಟ್ಟು ಕಲಸುವಾಗ ಅವಳು ನೋಡಿರಲಿಲ್ಲ, ಸ್ಟೂಲು ಮೇಜಿನ ಕೆಳಗೇ ಇತ್ತು.

ನಾನು ಎದ್ದು ನಿಂತೆ. "ಅಗಸಿ," ಎಂದೆ. "ನೀರು, ಟೊಮೆಟೊ, ಉಪ್ಪು. ಜೀರಿಗಿ, ಓಮು, ಎಳ್ಳು. ಹಾಳಿಗೆ ಸೂರ್ಯಕಾಂತಿ ಎಣ್ಣಿ, ಬೆರಳ ತುದಿಯಷ್ಟು."

"ಗೊತ್ತೈತಿ ಅಜ್ಜ," ಎಂದು ಅವಳು ಇನ್ನೊಂದು ಚೂರು ಮುರಿದುಕೊಂಡಳು.