ಮದುಮಗನ ಹೆಗಲ ಮೇಲಿನ ಬೆರಕೆ ಬಟ್ಟೆ

ಯೆರೂಸಲೇಮಿನ ದೇವಾಲಯಕ್ಕೆ ಪರದೆ ನೇಯುವ ಹೆಂಗಸರಲ್ಲಿ ಹೊಗ್ಲಾಳಷ್ಟು ಬಾಯಿಬಡುಕಿ ಇನ್ನೊಬ್ಬಳಿರಲಿಲ್ಲ. ಅವಳಷ್ಟು ಬಿಗಿಯಾಗಿ ನೂಲು ಹೊಸೆಯುವವಳೂ ಇರಲಿಲ್ಲ ಅನ್ನಿ. ಚಿಕ್ಕಂದಿನಲ್ಲೇ ಮಗ್ಗಕ್ಕೆ ಬಂದವಳು, ಅಲ್ಲೇ ಕೂದಲು ನೆರೆಸಿಕೊಂಡಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಎರಡೇ, ಆ ಪರದೆ ಮತ್ತು ಮಗ ಎಲ್ದಾದ್.

ಹೊಸ ಹುಡುಗಿಯರು ಬಂದರೆ ಪಾಠ ಶುರುವಾಗುತ್ತಿತ್ತು. “ನೀಲಿ ಅಂದ್ರೆ ಆಕಾಶ ಕಣ್ರೇ. ನೇರಳೆ ಸಮುದ್ರ, ಕೆಂಪು ಬೆಂಕಿ. ಈ ಮೂರೂ ಉಣ್ಣೆ. ಈ ಬಿಳಿ ಅಗಸೆ ನಾರು ನೆಲದಿಂದ ಎದ್ದಿದ್ದು, ಅದು ಭೂಮಿ. ನಾಲ್ಕನ್ನೂ ಸೇರಿಸಿ ಹೊಸೆದ್ರೆ ಇಡೀ ಲೋಕಾನೇ ದೇವರ ಬಾಗಿಲಿಗೆ ತೂಗುಹಾಕಿದ ಹಾಗೆ. ಮನೇಲಿ ಮಾತ್ರ ಉಣ್ಣೆಗೆ ನಾರು ಬೆರೆಸಿದ್ರೋ, ಈ ಕಡೆ ತಲೆ ಹಾಕ್ಬೇಡಿ!”

ಅವರ ಧರ್ಮಶಾಸ್ತ್ರದಂತೆ ಉಣ್ಣೆಯೂ ನಾರೂ ಕೂಡಿದ ಬೆರಕೆ ಬಟ್ಟೆ ದೇವರ ಪರದೆಗೆ ಸಲ್ಲುತ್ತದೆ, ಸೇವೆಗೆ ನಿಂತ ಯಾಜಕನ ನಡುಕಟ್ಟಿಗೆ ಸಲ್ಲುತ್ತದೆ. ಬದುಕಿರುವ ಬೇರೆ ಯಾರ ಮೈಗೂ ಸಲ್ಲದು. ಯಾರಾದರೂ ಉಟ್ಟದ್ದು ಕಂಡರೆ ಸಂತೆಬೀದಿಯಲ್ಲಾದರೂ ಸರಿ, ಕಂಡವನೇ ಕಿತ್ತೆಸೆಯಬೇಕು.

ಪರದೆಯ ಮೇಲ್ವಿಚಾರಕ ಅಮಾಸೈ ತನ್ನ ಮಗಳು ಕೆಚೀಯಳನ್ನು ಎಲ್ದಾದನಿಗೆ ಕೊಡಲು ಒಪ್ಪಿದಾಗ ಹೊಗ್ಲಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗನಿಗೆಂದು ಅಪ್ಪಟ ಬಿಳಿ ಉಣ್ಣೆಯ ಮೇಲುಹೊದಿಕೆಯೊಂದನ್ನು ಮನೆಯಲ್ಲೇ ನೇಯ್ದಳು. ನೇಯುತ್ತಾ ಅಕ್ಕಪಕ್ಕದವರ ತಲೆಯನ್ನೂ ತಿಂದಳು.

ಮದುವೆಯ ಸಂಜೆ ದಿಬ್ಬಣ ಹೆಣ್ಣಿನ ಮನೆಯ ಬಾಗಿಲಿಗೆ ಬಂತು. ಪಂಜಿನ ಕಿಡಿಯೊಂದು ಹಾರಿ ಎಲ್ದಾದನ ಹೊದಿಕೆಯ ಅಂಚಿಗೆ ಬಿತ್ತು. ಎದುರುಗೊಳ್ಳಲು ಬಂದಿದ್ದ ಅಮಾಸೈ ನಗುತ್ತಲೇ ಕೈಯಿಂದ ಒರೆಸಿದ. ಉಣ್ಣೆ ಸುಟ್ಟ ಕೂದಲಿನಂತೆ ವಾಸನೆ ಬಿಟ್ಟು ಮುದುಡಿತು. ಆದರೆ ಒಂದು ಎಳೆ ಮುದುಡಲಿಲ್ಲ, ಒಣಹುಲ್ಲಿನಂತೆ ನೆಟ್ಟಗೆ ಉರಿಯಿತು. ಅವನ ನಗು ಅಲ್ಲೇ ಸತ್ತಿತು.

“ನಾರು! ಇದ್ರಲ್ಲಿ ನಾರಿದೆ!”

ಅಂದವನೇ ಹೊದಿಕೆಯನ್ನು ಅಳಿಯನ ಮೈಯಿಂದ ಕಿತ್ತು ಧೂಳಿಗೆ ಎಸೆದ. ತಮಟೆ ನಿಂತಿತು.

ಹೊಗ್ಲಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಅಂಚು ಬಿಚ್ಚದಿರಲೆಂದು ಪರದೆಯ ಅಂಚಿನ ಉಣ್ಣೆಗೆ ಒಂದೆಳೆ ನಾರನ್ನು ಹೊಸೆಯುತ್ತಾರೆ. ಬಾಯಿ ಹರಟುತ್ತಿದ್ದಾಗ ಬೆರಳುಗಳು ಮನೆಯಲ್ಲೂ ಅದನ್ನೇ ಮಾಡಿದ್ದವು, ಅವಳನ್ನೊಂದು ಮಾತೂ ಕೇಳದೆ.

“ಅಮ್ಮಾ, ಇದೇನಮ್ಮಾ ಇದು?” ಒಳಂಗಿಯಲ್ಲಿ ನಿಂತ ಎಲ್ದಾದ್ ಕೇಳಿದ.

ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಬಾಯಿ ಬಡಿದುಕೊಂಡಳು. “ಅಯ್ಯಯ್ಯೋ, ಬೆರಕೆ ಬಟ್ಟೆ ಹೊದಿಸೋದು ಹೆಣಕ್ಕೆ ಕಣ್ರಪ್ಪಾ! ಹೆತ್ತೋಳೇ ಮದುಮಗನಿಗೆ ಹೆಣದ ಬಟ್ಟೆ ಹೊದಿಸ್ಬಿಟ್ಲಲ್ಲಾ!”

ಮಾತು ನಿಜವಾಗಿತ್ತು. ಸತ್ತವರಿಗೆ ಯಾವ ನಿಷೇಧವೂ ಇಲ್ಲ.

ಅಮಾಸೈ ಮುಖ ತಿರುಗಿಸಿದ. “ಕೆಚೀಯಳನ್ನ ಒಳಗೆ ಕರ್ಕೊಂಡು ಹೋಗಿ. ಇಂಥ ಅಪಶಕುನದ ಮನೆಗೆ ನಾನು ಮಗಳನ್ನ ಕಳಿಸಲ್ಲ.”

ಹೊಗ್ಲಾ ಮುಂದೆ ಬಂದಳು. ಮಂಡಿಯೂರಿ ಹೊದಿಕೆಯನ್ನು ಎತ್ತಿಕೊಂಡಳು, ಧೂಳು ಕೊಡವಿ ಎದೆಗೊತ್ತಿಕೊಂಡಳು.

“ಹೆಣದ ಬಟ್ಟೆ ತಾನೇ? ಹೌದು. ನನ್ನ ಹೆಣದ್ದು. ಇಷ್ಟು ಜನರ ಮುಂದೆ ಹೇಳ್ತಿದೀನಿ, ಕೇಳಿಸ್ಕೊಳ್ಳಿ. ಇದು ಯಾರನ್ನಾದ್ರೂ ಹೊತ್ಕೊಂಡೇ ಹೋಗ್ಬೇಕು ಅಂದ್ರೆ ನಾನಿದೀನಿ. ನನ್ನ ಮಗನ ಸುದ್ದಿಗೆ ಬರ್ಬೇಡಿ.”

ಮದುವೆಯ ಮನೆಯ ಮುಂದೆ ನಿಂತು ತನ್ನ ಸಾವನ್ನು ತಾನೇ ಕರೆದವಳನ್ನು ಆ ಪೇಟೆ ಕಂಡಿರಲಿಲ್ಲ. ಅಪಶಕುನ ಈಗ ಮಗನನ್ನು ಬಿಟ್ಟು ಅವಳ ಮೇಲೆ ಬಂದಿತ್ತು. ಅಮಾಸೈ ತನ್ನ ಮೇಲುಹೊದಿಕೆಯನ್ನು ತೆಗೆದು ಎಲ್ದಾದನ ಹೆಗಲಿಗೆ ಹಾಕಿದ.

“ತಮಟೆ ಬಡೀರೋ, ಏನ್ ನೋಡ್ತಾ ನಿಂತಿದೀರಾ!”

ಮದುವೆ ನಡೆಯಿತು. ಊಟದ ಹೊತ್ತಿಗೆ ಕೆಚೀಯ ಬಂದು ಅತ್ತೆಯ ಮುಂದೆ ತಲೆಬಾಗಿ ಕುಳಿತಳು, ಹರಸಲೆಂದು. ಹೊಗ್ಲಾ ಕೈ ಚಾಚಿದವಳು ಅರ್ಧದಲ್ಲೇ ಹಿಂದಕ್ಕೆಳೆದುಕೊಂಡಳು.

“ಬೇಡ ಮಗಳೇ, ಬಾಯಲ್ಲೇ ಹರಸ್ತೀನಿ. ಈ ಕೈ ಯಾವಾಗ ಏನ್ ಮಾಡುತ್ತೋ ನಂಗೇ ಗೊತ್ತಾಗಲ್ಲ.”